ಕೊನೆಯದೊಂದು ಅಮ್ಮನಿಗೆ

ಟಿ. ದಾಸರಹಳ್ಳಿ
17 ನವೆಂಬರ್ 2025, ಕಡೇ ಕಾರ್ತಿಕ ಸೋಮವಾರ

ಲಾವಣ್ಯಳ ಅಪ್ಪನಿಗೆ, ಅನುಸೂಯ ಮಾಡುವ ನಮಸ್ಕಾರ.

ಹೀಗೆ ಕರೆದೆ ಎಂದು ಕಾಗದವನ್ನು ಇಲ್ಲಿಗೇ ಹರಿದು ಹಾಕಬೇಡಿ. ಮಗಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಹೋದ ವರ್ಷ ಅಪ್ಪಣೆ ಕೊಡಿಸಿದಿರಿ. ಬಾಯಲ್ಲಿ ಎತ್ತಲಿಲ್ಲ, ಪಾಲಿಸಿದೆ. ಇದು ಬರಹ. ನಾನು ಹೇಳಿ ಬಂದ ಹಾಗೆ ನಾಗಸಂದ್ರದಲ್ಲಿ ತಂಗಿ ಧನಲಕ್ಷ್ಮಿಯ ಮನೆಯಲ್ಲಿಲ್ಲ. ದಾಸರಹಳ್ಳಿಯಲ್ಲಿ, ನೀವು ಅಳಿಯ ಎಂದು ಒಪ್ಪದ ದೇವರಾಜನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀವು "ಏಯ್, ಮಡಗು ಫೋನ" ಎನ್ನುತ್ತೀರಿ, ನಾನು ಇಟ್ಟುಬಿಡುತ್ತೇನೆ. ಮದುವೆಯಾದಾಗಿನಿಂದ ಅದೇ ಅಭ್ಯಾಸ. ಕಾಗದವಾದರೆ ನನ್ನ ಮಾತು ಮುಗಿಯುವವರೆಗೆ ನೀವು ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟು ಹಕ್ಕು ನನಗಿದೆ.

ಎಲ್ಲ ಆದದ್ದು ಆ ಬಂಗಲೆ ಆಟದಿಂದ. ಮಗಳು ಕಂಪನಿಯಿಂದ ಬಂದವಳೇ ಮುಖ ತೊಳೆದು, ಟ್ಯಾಬ್ ಹಿಡಿದು ನನ್ನ ಪಕ್ಕ ಕೂರುತ್ತಿದ್ದದ್ದು ನೆನಪಿದೆಯಲ್ಲ? ಅದರಲ್ಲಿ ಒಂದು ಪಾಳು ಬಂಗಲೆ. ಬಿಳೀ ಫ್ರಾಕಿನ ಸತ್ತ ಹುಡುಗಿಯೊಬ್ಬಳು ಅದರಲ್ಲಿ ಅಲೆಯುತ್ತಾಳೆ. ಒಂದೊಂದು ಕೋಣೆಯೂ ಗುಜರಿ ಅಂಗಡಿ. ಬೊಂಬೆ, ಕತ್ತರಿ, ಲಾಟೀನು, ಗೂಬೆ, ಮುರಿದ ಕುರ್ಚಿ, ಎಲ್ಲ ಒಂದರ ಮೇಲೊಂದು. ಕೆಳಗೆ ಇಂಗ್ಲಿಷಿನಲ್ಲಿ ಪಟ್ಟಿ ಬರುತ್ತದೆ, ಒಂದೊಂದೇ ಅಕ್ಷರ ಕೂಡಿಸಿಕೊಂಡರೆ ನನಗೂ ಓದಲು ಬರುತ್ತದೆ. ಪಟ್ಟಿಯಲ್ಲಿದ್ದದ್ದನ್ನು ಆ ರಾಶಿಯಲ್ಲಿ ಹುಡುಕಿ ಬೆರಳಿಟ್ಟರೆ ಅದು ಮಾಯ. ಎಲ್ಲ ಸಿಕ್ಕಮೇಲೆ ಬಾಗಿಲು ಕಿರ್ರೆಂದು ತೆರೆದು ಮುಂದಿನ ಕೋಣೆ. ಮೊದಮೊದಲು ನನಗೆ ಎದೆ ಡವಗುಟ್ಟುತ್ತಿತ್ತು. ಆಮೇಲೆ ಆ ಹುಡುಗಿ ನಕ್ಕರೆ "ಸಾಕು ಸುಮ್ನಿರೇ, ನಿನ್ ಹಲ್ಲು ನೋಡಿದೀನಿ" ಎಂದು ನಾನೇ ಗದರುತ್ತಿದ್ದೆ. ಅವಳು ಹೆಸರು ಓದುವವಳು, ನಾನು ಹುಡುಕುವವಳು. "ರಾಗಿಯಲ್ಲಿ ಕಲ್ಲು ಆರಿಸಿದ ಕಣ್ಣು ಕಣಮ್ಮ ನಿಂದು, ನಮ್ಮ ಟೀಮಿಗೆ ಸೇರಿಸ್ಕೊಂಡ್ಬಿಡ್ತೀನಿ" ಎಂದು ರೇಗಿಸುತ್ತಿದ್ದಳು. ಕೊನೆಯದು ಅವಳಿಗೆ ಮೊದಲೇ ಕಂಡಿದ್ದರೂ ಮುಟ್ಟುತ್ತಿರಲಿಲ್ಲ. "ಕೊನೇದು ಅಮ್ಮಂಗೆ" ಎನ್ನುತ್ತಿದ್ದಳು. ನೀವು ಹಾದು ಹೋಗುವಾಗ "ತಾಯಿ ಮಗಳು ದೆವ್ವ ಉಡುಕ್ತಾ ಕೂತವ್ರೆ" ಎಂದು ನಗುತ್ತಿದ್ದಿರಿ. ನಗುತ್ತಿದ್ದಿರಿ, ಅದೂ ಒಂದು ಕಾಲ.

ಆಮೇಲಿನದು ನಿಮಗೆ ಗೊತ್ತು. ನಮ್ಮ ಪೀಜಿ ಕಟ್ಟಡದ ಮೆಟ್ಟಿಲಿಗೆ ಕಂಬಿ ಕೂರಿಸಲು ಪೀಣ್ಯದಿಂದ ದೇವರಾಜ ಬಂದ. ಕಂಬಿ ಕೂರಿಸಿ ಮುಗಿಸುವುದರೊಳಗೆ ನಮ್ಮ ಹುಡುಗಿಯ ಮನಸ್ಸೂ ಅವನಲ್ಲಿ ಕೂತಿತ್ತು. ನಮ್ಮವನಲ್ಲ, ನಮ್ಮ ಕಡೆಯವನೂ ಅಲ್ಲ. ರಿಜಿಸ್ಟರ್ ಮದುವೆ ಮಾಡಿಕೊಂಡು ಠಾಣೆಗೆ ಬಂದು ನಿಂತರು. ಅಲ್ಲಿ ಎಲ್ಲರೆದುರು "ನನ್ ಮಗಳು ಸತ್ತೋದ್ಲು" ಎಂದು ನೀವು ಹೆಗಲ ಟವೆಲು ಕೊಡವಿ ಎದ್ದು ಬಂದಿರಿ. ನಾನು ನಿಮ್ಮ ಹಿಂದೆ ಬಂದೆ. ಬರುವಾಗ ಅವನು ಪೊಲೀಸರಿಗೆ ಹೇಳಿದ ವಿಳಾಸ ಕಿವಿಗೆ ಬಿತ್ತು: ದಾಸರಹಳ್ಳಿ, ಗಂಗಮ್ಮನ ಗುಡಿ ಹಿಂದೆ, ಎರಡನೇ ಮಹಡಿ. ಅವಳ ಬಟ್ಟೆ, ಪುಸ್ತಕ, ಟ್ಯಾಬು ಎಲ್ಲವನ್ನೂ ಬೀರುವಿಗೆ ಹಾಕಿ ಬೀಗದ ಕೈ ನಿಮ್ಮ ಉಡಿದಾರಕ್ಕೆ ಕಟ್ಟಿಕೊಂಡಿರಿ.

ಈಗ ಈ ವರ್ಷದ ಮಹಾಲಯ ಅಮಾವಾಸ್ಯೆಗೆ ಬರುತ್ತೇನೆ. ಮಾವನವರ ಫೋಟೋ, ಅತ್ತೆಯ ಫೋಟೋ ಇಟ್ಟಾಯಿತು. ಮುದ್ದೆ, ಕೋಳಿಸಾರು, ಒಬ್ಬಟ್ಟು, ಮಾವನಿಗೆ ಬೀಡಿ, ಅತ್ತೆಗೆ ಎಲೆ ಅಡಿಕೆ. ಅಷ್ಟರಲ್ಲಿ ನೀವು ನನ್ನ ಮಗಳ ಫೋಟೋ ತಂದು ಪಕ್ಕದಲ್ಲಿಟ್ಟು ಹಾರ ಹಾಕಿದಿರಿ. ನಾನು ಹುಚ್ಚಿಯ ಹಾಗೆ ಬಾಯಿ ಬಡಿದುಕೊಂಡೆ. "ಬದುಕಿರೋ ಮಗೀಗೆ ಎಡೆ ಇಕ್ತೀರಲ್ರೀ, ನಿಮ್ ಕೈ ಸೇದೋಗ" ಎಂದೆ. ಗಂಡನಿಗೆ ಹಾಗೆ ಅನ್ನಬಾರದು, ಅಂದೆ. ನೀವು ಬೀರು ತೆಗೆದಿರಿ. ಹೊಸ ಚೂಡಿದಾರ ತಂದಿಟ್ಟಿದ್ದಿರಿ, ಅದನ್ನು ಮಡಿಸಿ ಇಟ್ಟಿರಿ. ಟ್ಯಾಬನ್ನು ನನ್ನ ಕೈಗೆ ಕೊಟ್ಟು "ಚಾರ್ಜ್ ಮಾಡಿವ್ನಿ. ಅವ್ಳಾಟ ಆಕಿಡು. ಇಷ್ಟಪಟ್ಟಿದ್ದು ಇಡ್ಬೇಕು" ಎಂದಿರಿ. ನೆಂಟರೆಲ್ಲ ನೋಡುತ್ತಿದ್ದರು. ಆಟ ತೆರೆದು ಎಲೆಯ ಪಕ್ಕ ಇಟ್ಟೆ.

ಧೂಪ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ಜಗುಲಿಗೆ ಬಂದೆವು. ಹಿರಿಯರು ಉಣ್ಣುವ ಹೊತ್ತು, ಯಾರೂ ಮಾತಾಡುತ್ತಿರಲಿಲ್ಲ. ಒಳಗಿನಿಂದ ಬಾಗಿಲು ಕಿರ್ರೆಂದ ಸದ್ದು ಬಂತು. ಗೂಬೆ ಕೂಗಿತು. ಆ ಹುಡುಗಿ ನಕ್ಕಳು. ನಿಮ್ಮ ಅಕ್ಕ ಅಲ್ಲೇ ಕುಸಿದರು. ಬಾಗಿಲು ತಟ್ಟಿ ತೆಗೆದರೆ ಟ್ಯಾಬಿನಲ್ಲಿ ನಾನು ಜನ್ಮದಲ್ಲಿ ನೋಡದ ಕೋಣೆ. ಪಟ್ಟಿಯಲ್ಲಿದ್ದದ್ದನ್ನೆಲ್ಲ ಯಾರೋ ಹುಡುಕಿ ಮುಗಿಸಿದ್ದರು, ಒಂದು ಬಾಚಣಿಗೆ ಮಾತ್ರ ಉಳಿದಿತ್ತು. "ಮಗು ಬಂದು ಎಡೆ ಮುಟ್ಟವಳೆ" ಎಂದು ಅಕ್ಕ ಕೈಮುಗಿದರು. ಹೌದು, ನಾನೂ ಹಾಗೇ ಎಂದುಕೊಂಡೆ. ನನ್ನ ಕೂಸು ಸತ್ತೇ ಹೋಗಿದೆ, ಬಂದು ಕೊನೆಯದನ್ನು ನನಗೆ ಬಿಟ್ಟು ಹೋಗಿದೆ ಎಂದು ಕರುಳು ಕಿತ್ತುಬಂತು. ನೀವು ಎಲೆಯ ಮುಂದೆ ಉದ್ದಕ್ಕೆ ಬಿದ್ದು ಹೋ ಎಂದು ಅತ್ತಿರಿ. ತಾನೇ ಕೊಂದು ತಾನೇ ಅಳುವ ನಾಟಕ ನೋಡು ಎಂದು ನಿಮ್ಮ ಮೇಲೆ ಹೇಸಿಗೆಯಾಯಿತು. ಸುಳ್ಳೇಕೆ ಹೇಳಲಿ, ಆ ಹೇಸಿಗೆ ಇನ್ನೂ ಇದೆ.

ಆ ಟ್ಯಾಬನ್ನು ನಾನು ಬೀರುವಿಗೆ ವಾಪಸು ಇಡಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಮಾರನೇ ದಿನ ಮೇಲಿನ ಮಹಡಿಯ ಶಿವಗಂಗಾಳಿಗೆ ತೋರಿಸಿದೆ, ಐಟಿ ಪಾರ್ಕಿಗೆ ಹೋಗುತ್ತಾಳಲ್ಲ, ಆ ಹುಡುಗಿ. ಅವಳು ನೋಡಿ ನಕ್ಕಳು. "ಆಂಟಿ, ದೆವ್ವನೂ ಇಲ್ಲ ಏನೂ ಇಲ್ಲ. ಇದೇ ಅಕೌಂಟಲ್ಲಿ ಇನ್ನೊಂದು ಫೋನಲ್ಲೂ ಆಡ್ತಿದಾರೆ. ವೈಫೈ ಸಿಕ್ಕಿದ ತಕ್ಷಣ ಅಲ್ಲಿ ಆಡಿದ್ದು ಇಲ್ಲಿಗೂ ಬಂದಿದೆ, ಅಷ್ಟೆ" ಎಂದಳು. ಇನ್ನೊಂದು ಫೋನು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಮಗಳು ಬದುಕಿದ್ದಾಳೆ! ಆ ಹುಡುಗಿಯನ್ನು ತಬ್ಬಿಕೊಂಡು ಅತ್ತೆ, ಅವಳಿಗೆ ಗಾಬರಿಯಾಯಿತು.

ಆ ಬಾಚಣಿಗೆಯ ಮೇಲೆ ಬೆರಳಿಟ್ಟೆ. ಹೊಸ ಕೋಣೆ ತೆರೆಯಿತು, ಹಾಗೇ ಬಿಟ್ಟೆ. ಎರಡು ದಿನ ಏನೂ ಇಲ್ಲ. ಮೂರನೇ ದಿನ ನೋಡಿದರೆ ಎಲ್ಲ ಖಾಲಿ, ಒಂದು ಚಮಚ ಮಾತ್ರ ಉಳಿದಿದೆ. ಅಲ್ಲಿಂದ ಮುಂದೆ ಮಧ್ಯಾಹ್ನ ನೀವು ಸೈಟಿನ ವ್ಯವಹಾರಕ್ಕೆಂದು ಹೋದಾಗಲೆಲ್ಲ ನಾನು ಮಗಳ ಜೊತೆ ಇರುತ್ತಿದ್ದೆ. ಕೋಣೆ ಪೂರ್ತಿ ಅವಳು ಹುಡುಕುವಳು, ಕೊನೆಯದೊಂದು ನನಗೆ. ಚಮಚ ಉಳಿದ ದಿನ ಸರಿಯಾಗಿ ಊಟ ಮಾಡುತ್ತಾಳೋ ಇಲ್ಲವೋ ಎಂದು ಸಂಕಟಪಟ್ಟೆ. ಪುಟ್ಟ ಮಗುವಿನ ಬೂಟು ಉಳಿದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಬಸುರಿ ಎಂದು ಹೇಳಿಕಳಿಸಿದ್ದಾಳೆ ಎಂದುಕೊಂಡೆ. ನನ್ನ ಹಸಿರು ರೇಷ್ಮೆ ರವಿಕೆ ಬಿಚ್ಚಿ ಕುಲಾವಿ ಹೊಲಿದೆ. ನೀವು ಎದುರಿಗೆ ಕೂತು ಮುದ್ದೆ ಮುರಿಯುವಾಗ ಒಳಗೊಳಗೇ ನಗುತ್ತಿದ್ದೆ. ನೀವು ಸಾಯಿಸಿದವಳ ಜೊತೆ ನಾನು ದಿನಾ ಮಾತಾಡುತ್ತಿದ್ದೇನೆ ಎನ್ನುವ ಜಂಬ.

ಆದರೆ ಆಟಕ್ಕೂ ಕೊನೆ ಇರುತ್ತದಂತೆ. ಹೋದ ಶುಕ್ರವಾರ ನಾನು ಗಡಿಯಾರದ ಮುಳ್ಳಿನ ಮೇಲೆ ಬೆರಳಿಟ್ಟದ್ದೇ ತಡ, ಬಂಗಲೆಗೆ ಬೆಳಕು ಹರಿಯಿತು. ಬಿಳೀ ಫ್ರಾಕಿನ ಹುಡುಗಿ ಕೈ ಬೀಸಿ ಹೊರಟುಹೋದಳು, ಇಂಗ್ಲಿಷಿನಲ್ಲಿ ಏನೇನೋ ಹೆಸರು ಬಂದವು. ಕೋಣೆ ಇಲ್ಲ. ಎಲ್ಲಿ ಮುಟ್ಟಿದರೂ ಕೋಣೆ ಇಲ್ಲ. ಇನ್ನು ಅವಳು ಹೇಗಿದ್ದಾಳೆಂದು ತಿಳಿಯುವುದು ಹೇಗೆ? ಬಸುರಿ ಹೆಂಗಸು, ತಾಯಿ ಇದ್ದೂ ಇಲ್ಲದವಳು. ಶನಿವಾರ ಧನಲಕ್ಷ್ಮಿಗೆ ಹುಷಾರಿಲ್ಲವೆಂದು ನಿಮಗೆ ಸುಳ್ಳು ಹೇಳಿ, ಕುಲಾವಿ, ತುಪ್ಪ, ಅಂಟಿನುಂಡೆ ಕಟ್ಟಿಕೊಂಡು ಮೆಟ್ರೋ ಹತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸುವಾಗ ದಾರಿ ತಪ್ಪಿ ಅಳು ಬಂತು, ಯಾರೋ ಪುಣ್ಯಾತ್ಮ ಕೈಹಿಡಿದು ಹತ್ತಿಸಿದ.

ಎರಡನೇ ಮಹಡಿ, ಕಿರಿದಾದ ಮೆಟ್ಟಿಲು. ದೇವರಾಜನ ತಾಯಿ ಶರಣಮ್ಮ ಬಾಗಿಲಲ್ಲಿ ಕೂತು ಒಂದು ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ಆಗಲೇ ಹೆರಿಗೆಯಾಗಿದೆ, ನನ್ನ ಲೆಕ್ಕ ತಪ್ಪಿತು ಎಂದು ನಾನು ಇನ್ನೂ ಖುಷಿಯಲ್ಲೇ ಇದ್ದೆ. ತಲೆಯೆತ್ತಿದರೆ ಗೋಡೆಯಲ್ಲಿ ಅವಳ ಫೋಟೋ, ಹಾರ, ಕುಂಕುಮ. ನನಗೆ ಮೈಯೆಲ್ಲ ಉರಿದುಹೋಯಿತು. "ನೀವೂನಾ? ಬದುಕಿರೋಳ ಫೋಟೋಗೆ ಹಾರ ಹಾಕೋ ರೋಗ ನಿಮ್ಮನೇಗೂ ಬಂತಾ? ಎಲ್ಲಿಗೆ ಓಡಿಸಿದ್ರಿ ನನ್ ಮಗಳನ್ನ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಶರಣಮ್ಮ ಎದ್ದು ನಿಂತರು. "ಯವ್ವಾ, ನಿಮಗ ಗೊತ್ತಿಲ್ಲೇನು?" ಎಂದರು. ಅಷ್ಟೇ ಎಂದರು. ಕೂಸನ್ನು ನನ್ನ ಮಡಿಲಿಗೆ ಹಾಕಿದರು.

ಆಷಾಢದಲ್ಲೇ ಹೋಗಿದ್ದಾಳೆ ರೀ. ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಹೆಣ್ಣು ಮಗು ಉಳಿಯಿತು, ನಮ್ಮ ಹುಡುಗಿ ಉಳಿಯಲಿಲ್ಲ. ನಾವು ಎಡೆ ಇಟ್ಟ ದಿನ ಅವಳು ಬದುಕಿರಲಿಲ್ಲ. ನಾನು ಬದುಕಿದ್ದಾಳೆಂದು ನಕ್ಕ ದಿನಗಳಲ್ಲೂ ಬದುಕಿರಲಿಲ್ಲ.

ಸಂಜೆ ಪಾಳಿ ಮುಗಿಸಿ ದೇವರಾಜ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ. ಬೈಯಲು ಬಂದ ಮಾತೆಲ್ಲ ಮರೆತು, ಆಟ ಆಡುತ್ತಿದ್ದದ್ದು ಯಾರಪ್ಪ ಎಂದು ಕೇಳಿದೆ. ಅವನು ಅವಳ ಫೋನು ತಂದು ಮುಂದಿಟ್ಟ. ಆಸ್ಪತ್ರೆಗೆ ಹೊರಡುವ ದಿನದವರೆಗೂ ಆಡಿದ್ದಳಂತೆ. ಆ ಬಾಚಣಿಗೆಯನ್ನು ಉಳಿಸಿ "ಇದು ಅಮ್ಮಂಗೆ" ಎಂದು ಫೋನು ಇಟ್ಟಳಂತೆ. ಅವನು ಅದನ್ನು ಮುಟ್ಟದೆ ದಿನಾ ತೆಗೆದು ನೋಡುತ್ತಿದ್ದನಂತೆ. ಒಂದು ದಿನ ನೋಡಿದರೆ ಬಾಚಣಿಗೆ ಇಲ್ಲ, ಹೊಸ ಕೋಣೆ ತೆರೆದಿದೆ. "ಅವಳೇ ಬಂದಿದಾಳೆ ಅನ್ಕೊಂಡೆ ಅತ್ತೆ" ಎಂದ. ತನಗೆ ಸಿಕ್ಕಷ್ಟು ಹುಡುಕಿ, ಒಂದನ್ನು ಅವಳಿಗೆಂದು ಬಿಟ್ಟ. ಮಾರನೇ ದಿನ ಅದೂ ಇಲ್ಲ. "ನೀವೇ ಇರಬೋದು ಅಂತ ಒಂದೊಂದ್ಸಲ ಹೊಳೀತಿತ್ತು. ಹೊಳೆದರೂ ಕೇಳೋ ಮನಸ್ಸು ಬರ್ಲಿಲ್ಲ. ಕೇಳಿದ್ರೆ ಅವಳು ಹೋಗ್ಬಿಡ್ತಾಳೆ" ಎಂದು ಕಂಬಿ ಬೆಸೆಯುವ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನು ನನ್ನನ್ನು ಅವಳೆಂದುಕೊಂಡ, ನಾನು ಅವನನ್ನು ಅವಳೆಂದುಕೊಂಡೆ. ನಮ್ಮಿಬ್ಬರ ನಡುವೆ ಯಾರೂ ಇರಲಿಲ್ಲ.

ನಮಗೆ ಏಕೆ ತಿಳಿಸಲಿಲ್ಲ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ, ಬಾಯಿ ಬಿಡಲಿಲ್ಲ. ನಿಮ್ಮ ಹೆದರಿಕೆ ಇದ್ದೀತು.

ಈಗ ನನ್ನ ಮಾತು. ನೀವು ಸತ್ತಳು ಎಂದಿರಿ, ಅವಳು ಸತ್ತಳು. ನಿಮ್ಮ ಬಾಯಿಗೆ ತೃಪ್ತಿಯಾಯಿತೇ? ನಾನು ಪಟ್ಟಂದೂರಿನ ನಮ್ಮ ಮನೆಗೆ ಬರುವುದಿಲ್ಲ. ಶರಣಮ್ಮನಿಗೆ ಮಂಡಿನೋವು, ಕೂಸನ್ನು ಎತ್ತಿಕೊಂಡು ಮೆಟ್ಟಿಲಿಳಿಯಲಾರರು. ಇಲ್ಲೇ ಇರುತ್ತೇನೆ. ಒಗ್ಗರಣೆ ಸಾಮಾನು ಮೇಲಿನ ಶೆಲ್ಫಿನಲ್ಲಿದೆ, ಬಿಪಿ ಮಾತ್ರೆ ಫ್ರಿಜ್ಜಿನ ಮೇಲೆ. ಬೆಳಿಗ್ಗೆ ಮರೆಯದೆ ನುಂಗಿ. ಇದನ್ನು ಧನಲಕ್ಷ್ಮಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ಅವಳ ಮೇಲೆ ರೇಗಬೇಡಿ, ಅವಳಿಗೆ ಏನೂ ಗೊತ್ತಿರಲಿಲ್ಲ.

ನಿಮ್ಮ ಮೊಮ್ಮಗಳ ಅಜ್ಜಿ,
ಅನುಸೂಯ

ತಾ.ಕ.: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮ ಬಾಯಿಗೆ ತೃಪ್ತಿಯಾಯಿತೇ ಎಂದು ಬರೆದದ್ದನ್ನು ಶರಣಮ್ಮನಿಗೆ ಓದಿ ಹೇಳುತ್ತಿದ್ದೆ. ದೇವರಾಜ ಕೇಳಿಸಿಕೊಂಡು ತಡೆಯಲಾರದೆ ಬಾಯಿ ಬಿಟ್ಟ. ಅವಳು ಹೋದ ದಿನವೇ ಅವನು ನಮ್ಮ ಗೇಟಿಗೆ ಬಂದಿದ್ದನಂತೆ. ನಾನು ಮಹಡಿಯ ಮೇಲೆ ಇದ್ದೆನಂತೆ. ನೀವು ಅವನ ಜೊತೆ ಕಾರಿನಲ್ಲಿ ಬಂದಿರಂತೆ. ಹೆಗಲು ಕೊಟ್ಟು, ಮಣ್ಣು ಹಾಕಿ, ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ನಿಂತಿದ್ದಿರಂತೆ. "ಅನುಸೂಯ ತಡ್ಕೊಳಲ್ಲ. ಎಲ್ಲೋ ಚೆನ್ನಾಗವ್ಳೆ ಅಂತ ಅನ್ಕೊಂಡಿರ್ಲಿ" ಎಂದು ಅವನಿಂದ ಆಣೆ ಮಾಡಿಸಿಕೊಂಡಿರಂತೆ. ಆ ದಿನ ನೀವು ಹೊರಗಿನ ನಲ್ಲಿಯಲ್ಲಿ ಬಟ್ಟೆ ಸಮೇತ ತಲೆಗೆ ನೀರು ಸುರಿದುಕೊಂಡು ಒಳಗೆ ಬಂದಿರಿ. ಆಷಾಢದ ಗಾಳಿಯಲ್ಲಿ ಇದೇನು ಹುಚ್ಚು ಎಂದು ನಾನು ಬೈದೆ. ಮಣ್ಣಿಗೆ ಹೋಗಿ ಬಂದವರು ಹಾಗೆ ಬರುತ್ತಾರೆಂದು ನನಗೆ ಹೊಳೆಯಲಿಲ್ಲ. ಹಾಗಾದರೆ ನೀವು ಎಡೆ ಇಟ್ಟದ್ದು ಸಿಟ್ಟಿಗಲ್ಲ.

ಸಿಟ್ಟು ನನಗೆ ಹೋಗಿಲ್ಲ. ಹೆತ್ತವಳಿಗೆ ಮುಖ ತೋರಿಸದೆ ಮಣ್ಣು ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೂ ಕಾಗದ ಕಂಡ ಕೂಡಲೇ ಹೊರಟು ಬನ್ನಿ. ಅವಳನ್ನು ಕೊನೆಗೆ ನೋಡಿದವರು ನೀವು. ಮುಖ ಹೇಗಿತ್ತು, ಕಣ್ಣು ಮುಚ್ಚಿತ್ತೋ ಇಲ್ಲವೋ, ತಲೆ ಯಾರು ಬಾಚಿದ್ದರು, ಎಲ್ಲ ನನಗೆ ಕೂತು ಹೇಳಬೇಕು.