ಗಾಜಿನಾಚೆಯ ಆನೆ

ಮಾನ್ಯ ನಿರ್ದೇಶಕರೇ,

ನಿಸರ್ಗ ವಸ್ತುಸಂಗ್ರಹಾಲಯದ ಸ್ಥಳಾಂತರದ ಕುರಿತು ತಾವು ಹೊರಡಿಸಿದ ಪ್ರಕಟಣೆಯಲ್ಲಿ ಒಂದು ತಪ್ಪಿದೆ. “ಚಾಲೈ ಬಳಿಯ ಹಳೆಯ ಕಟ್ಟಡದಲ್ಲಿದ್ದುದೆಲ್ಲವೂ ಹೊಸ ಕಟ್ಟಡವನ್ನು ಸುರಕ್ಷಿತವಾಗಿ ಸೇರಿದೆ” ಎಂದಿದ್ದೀರಿ. ಎಲ್ಲವೂ ಸೇರಿಲ್ಲ. ಮಂಗಳವಾರದ ಬೆಳಗು ಅಲ್ಲೇ ಉಳಿದುಹೋಗಿದೆ.

ತಮಗೆ ತಿಳಿಯದಿರಬಹುದು. ಮಂಗಳವಾರ ಬಾಗಿಲು ತೆರೆಯುವ ಮುನ್ನ, ಕಣ್ಣು ಕಾಣದವರನ್ನು ಹಗ್ಗದ ಒಳಗೆ ಬಿಟ್ಟು ಆನೆಯ ಅಸ್ಥಿಪಂಜರವನ್ನು ಮುಟ್ಟಗೊಡುವ ವಾಡಿಕೆ ಹಳೆಯ ಕಟ್ಟಡದಲ್ಲಿತ್ತು. ಕೈ ತೊಳೆದಿರಬೇಕು, ಉಂಗುರ, ಬಳೆ ಕಳಚಿರಬೇಕು. ನನ್ನ ಪತ್ನಿ ಸರೋಜಿನಿ ದೃಷ್ಟಿ ಕಳೆದುಕೊಂಡ ಮೇಲೆ, ನಾವು ತಿರುವನಂತಪುರದಲ್ಲಿದ್ದಷ್ಟು ಕಾಲ, ಇಷ್ಟಪಟ್ಟು ಹೊರಡುತ್ತಿದ್ದುದು ಅಲ್ಲಿಗಷ್ಟೇ. ಸುಮಂಗಲಿ ಬರಿಗೈಯಲ್ಲಿರಬಾರದೆಂದು ಆಸ್ಪತ್ರೆಯಲ್ಲೂ ಬಳೆ ತೆಗೆಯಲೊಪ್ಪದವಳು ಆನೆಗಾಗಿ ಮಾತ್ರ ತೆಗೆಯುತ್ತಿದ್ದಳು. “ಇದಕ್ಕೂ ನಮ್ಮ ಹಾಗೆ ಮೊಣಕಾಲ ಚಿಪ್ಪು ಉಂಟು ಮಾಷ್ಟ್ರೇ! ಅಷ್ಟು ವರ್ಷ ಪಾಠ ಮಾಡಿದಿರಿ, ಇದನ್ನೊಂದು ಹೇಳ್ಲಿಲ್ಲ” ಎಂದು ನನ್ನನ್ನು ಛೇಡಿಸುತ್ತಿದ್ದಳು.

ಕಳೆದ ತಿಂಗಳು, ನಾವೀಗ ನೆಲೆಸಿರುವ ಕೊಚ್ಚಿಯಿಂದ ರೈಲು ಹಿಡಿದು ತಿರುವನಂತಪುರಕ್ಕೆ ಹೊರಟೆವು. ತಮ್ಮ ಹೊಸ ಕಟ್ಟಡವನ್ನು, ಪ್ರಕಟಣೆಯಲ್ಲಿ ಓದಿದಂತೆ, ದಾರಿಯುದ್ದಕ್ಕೂ ನಾನು ವರ್ಣಿಸಿದೆ. ಪಡಸಾಲೆಯಲ್ಲೇ ಅವಳು ಬಳೆ ಕಳಚಿ ನನ್ನ ಕೈಗಿತ್ತಳು. ಆನೆಯತ್ತ ಚಾಚಿದ ಬೆರಳಿಗೆ ಸಿಕ್ಕಿದ್ದು ಗಾಜು. “ಅಮ್ಮೇ, ತೊಡರುದು!” ಮುಟ್ಟಬೇಡಿ ಎಂದು ಕಾವಲುಗಾರ ಕೂಗಿದ. ನೆರೆದವರಲ್ಲೊಬ್ಬರು ನಕ್ಕರು. ಕಾವಲುಗಾರನನ್ನು ನಾನು ದೂರಲಾರೆ. ಗಾಜು ಮಾಸದಂತೆ ಕಾಯುವುದು ಅವನ ಕೆಲಸ. ಜ್ಞಾನವನ್ನು ಇಷ್ಟು ಸ್ವಚ್ಛವಾಗಿ ದೂರವಿಟ್ಟದ್ದು ಯಾರ ಕೆಲಸ? ಹವಾನಿಯಂತ್ರಣಕ್ಕೆ, ಅತಿಗಣ್ಯರ ವಿಶ್ರಾಂತಿ ಕೊಠಡಿಗೆ ಎಡೆ ದೊರೆತ ಕಟ್ಟಡದಲ್ಲಿ ಒಂದು ಅಂಗೈಗೆ ಎಡೆ ದೊರೆಯಲಿಲ್ಲವೇ?

ನನಗೆ ಕೋಪ ಬರಬೇಕಿತ್ತು, ಬಂದದ್ದು ನಾಚಿಕೆ. ಏಕೆಂದರೆ ಸರೋಜಿನಿ ನನ್ನತ್ತ ತಿರುಗಿ, “ಬೇಜಾರು ಮಾಡ್ಬೇಡಿ ಮಾಷ್ಟ್ರೇ, ಗ್ಲಾಸು ಭಾರೀ ನುಣ್ಣಗೆ ಉಂಟು” ಎಂದಳು. ಅವಮಾನಕ್ಕೊಳಗಾದವಳೇ ನಮ್ಮೆಲ್ಲರ ಮಾನ ಉಳಿಸಲು ಮೆಚ್ಚುಗೆಯ ಮಾತು ಹುಡುಕಬೇಕಾಯಿತು.

ಆ ಗಾಜಿಗೊಂದು ಬಾಗಿಲಿದೆ, ಬಾಗಿಲಿಗೊಂದು ಬೀಗವಿದೆ, ನೋಡಿ ಬಂದಿದ್ದೇನೆ. ಮಂಗಳವಾರ ಬೆಳಿಗ್ಗೆ ಅದನ್ನು ತೆರೆಸಿ. ಬೇಡಿಕೆ ಇಷ್ಟೇ. ಮಲಯಾಳದಲ್ಲಿ ಬರೆದ ಪತ್ರಕ್ಕೆ ಉತ್ತರ ಬಾರದ್ದರಿಂದ, ತಪ್ಪಿಲ್ಲದೆ ಬರೆಯಬಲ್ಲ ಕನ್ನಡದಲ್ಲಿ, ನನ್ನೂರು ಕಾಸರಗೋಡಿನ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ತುರ್ತು ಏನೆಂದರೆ, ಸರೋಜಿನಿ ಬಳೆಗಳನ್ನು ಇನ್ನೂ ತೊಟ್ಟಿಲ್ಲ. “ಮತ್ತೊಮ್ಮೆ ಹೋಗ್ಲಿಕ್ಕುಂಟಲ್ಲ, ಮುಟ್ಟಿ ಬಂದ ಮೇಲೆ ಹಾಕ್ತೇನೆ” ಎನ್ನುತ್ತಾಳೆ. ಮೊನ್ನೆ ಕಾಸರಗೋಡಿನಿಂದ ಬಂದ ಬಂಧುಗಳು ಅವಳ ಬರಿಗೈ ಕಂಡು ಬಾಗಿಲಲ್ಲೇ ಬೆಚ್ಚಿ, ನಾನಿದ್ದೇನೆಯೇ ಎಂದು ಒಳಗೆ ಇಣುಕಿದರು.

ಇಂತಿ,
೧೮ ಜುಲೈ ೨೦೦೬, ಮಂಗಳವಾರ, ಸಂಜೆ ಐದು ಗಂಟೆಯವರೆಗೂ ಬದುಕಿರುವ,
ಹರಿನಾರಾಯಣ
ನಿವೃತ್ತ ಅಧ್ಯಾಪಕ, ಪಾಲಾರಿವಟ್ಟಂ