ಹಾಲಸ್ವಾಮಜ್ಜನ ಹದಿನೇಳು ಸೆಕೆಂಡು

ದಾವಣಗೆರೆ
ಫೆಬ್ರವರಿ ಮೂವತ್ತು, 2179

ಹಾಲಸ್ವಾಮಜ್ಜನಿಗೆ ತಿಪ್ಪೇಶ ಮಾಡೋ ನಮಸ್ಕಾರ.

ನಿಮ್ ಕಾಲ್ದಾಗೆ ಫೆಬ್ರವರಿಗೆ ಮೂವತ್ತು ದಿನ ಇರ್ಲಿಲ್ಲಂತೆ. ನಮಗೈತೆ, ತಾರೀಖು ತಪ್ಪು ಬರ್ದಾನೆ ಅನ್ಕೋಬ್ಯಾಡ್ರಿ. ನಿಮಗಿನ್ನೂ ಮೂವತ್ತೊಂಬತ್ತು, ಅಜ್ಜ ಅಂದಿದ್ದಕ್ಕೂ ಬೈಕೋಬ್ಯಾಡ್ರಿ. ನಿಮ್ಮ ಮಗಳು ಸಿಂಚನಳ ಮರಿಮಗನ ಮೊಮ್ಮಗ ನಾನು. ಓದಿದ್ದು ಹತ್ತನೇ ಕ್ಲಾಸು. ಒಂದ್ಕಡೆ ಕುಂತು ಬರೆಯೋ ಜಾತಿ ಅಲ್ಲ, ಇಷ್ಟಕ್ಕೇ ಮೂರು ಸಲ ಎದ್ದು ಓಣಿ ಸುತ್ಕೊಂಡು ಬಂದೆ. ನಮ್ ಮಾತು ಒಂದೊಂದು ನಿಮಗೆ ತಿಳಿಯಲ್ಲ, ಅಲ್ಲಲ್ಲೇ ಬಿಡಿಸಿ ಹೇಳ್ತೀನಿ.

ಈ ಕಾಗದ ಬರ್ತಿರೋದು ಹಿಂದಂಚೆಯಾಗೆ. ಅಂದ್ರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯೋ ಅಂಚೆ. ಒಬ್ಬೊಬ್ರಿಗೆ ಜೀವಮಾನಕ್ಕೆ ಒಂದೇ ಕಾಗದ. ನನ್ ಗೆಳೆಯ ಒಬ್ಬ ಅದನ್ನ ಎಂಟನೇ ಕ್ಲಾಸಿನಾಗಿದ್ದ ತನಗೇ ಬರ್ಕೊಂಡ, ಗಣಿತ ಓದೋ ಅಂತ. ಆದ್ರೂ ಫೇಲಾದ. ನಂದನ್ನ ನಾನು ನಿಮಗೆ ಬರೀತಿದ್ದೀನಿ.

ನಮ್ ಕಡೆ ಪ್ರತಿ ಮನೆ ಬಾಗಿಲ ಪಕ್ಕ ದನಿಗೂಡು ಅಂತ ಇರುತ್ತೆ. ಗೋಡೆಯಾಗೆ ಅಂಗೈಯಗಲ ಗೂಡು, ಅದ್ರಾಗೆ ಆ ಮನೆ ಹಿರೀಕರ ದನಿ. ಫೋನಿನಾಗೆ ಮಾತಾಡಿದ್ದು, ಕಳ್ಸಿದ್ದು, ಏನುಳಿದೈತೋ ಎಲ್ಲ. ಮುಚ್ಚಳ ತೆಗೆದ್ರೆ ಮಾತಾಡ್ತಾರೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿನ್ನೋ ಹೊತ್ತಿಗೆ ಓಣಿ ತುಂಬ ಸತ್ತೋರದೇ ಗದ್ದಲ. ಎದುರು ಮನೆ ಮುತ್ತಜ್ಜಿ ದಿನಾ ಸೊಸೆಗೆ ಬೈತಾಳೆ, ಆ ಸೊಸೆ ಸತ್ತೇ ಎಂಬತ್ತು ವರ್ಷ ಆಯ್ತು. ಮದುವೆ ದಿನ ತಾಳಿ ಕಟ್ಟೋಕೆ ಮುಂಚೆ ಗಂಡಿನ ಮನೆಯ ಎಲ್ಲಕ್ಕಿಂತ ಹಳೇ ದನಿ ನಾಲ್ಕು ಒಳ್ಳೇ ಮಾತು ಆಡ್ಬೇಕು. ಆಮೇಲೇ ಅಕ್ಷತೆ.

ನಮ್ ಗೂಡಿನಾಗೆ ನೀವು ಹದಿನೇಳು ಸೆಕೆಂಡು ಇದ್ದೀರಿ. ಬಸ್ ಸ್ಟ್ಯಾಂಡಿನಿಂದ ಸಿಂಚನಜ್ಜಿಗೆ ಕಳ್ಸಿದ್ದು. ಬಾಯ್ತುಂಬ ಗುಟ್ಕಾ. ರಸ ಚೆಲ್ಲದಂಗೆ ಮುಖ ಮೇಲೆತ್ತಿ ಮಾತಾಡಿರ್ಬೇಕು, ಊಂ ಊಂ ಅನ್ನೋದು ಬಿಟ್ರೆ ಒಂದಕ್ಷರ ಬಿಡ್ಸಕ್ಕಾಗಲ್ಲ. ಕೊನೆಗೆ ಉಗುಳಿದ್ದು ಮಾತ್ರ ಸ್ವಚ್ಛವಾಗಿ ಕೇಳ್ತೈತೆ. “ಅಪ್ಪ ನಂಗೇನು ಹೇಳಿದ್ದ” ಅಂತ ಸಿಂಚನಜ್ಜಿ ಸಾಯೋವರೆಗೂ ಕಂಡಕಂಡೋರ ಕಿವಿಗೆ ಫೋನ್ ಹಿಡೀತಿದ್ಳಂತೆ.

ಪಕ್ಕದ ಮನೆ ದಾದಾಪೀರನ ಗೂಡಿನಾಗೆ ಚಮನ್ ಸಾಬ್ರು ಇದಾರೆ. ನಿಮ್ ಜೊತೆ ಪ್ರೈವೇಟ್ ಬಸ್ ಸ್ಟ್ಯಾಂಡಿನಾಗೆ ಊರು ಕೂಗ್ತಿದ್ದೋರು. ಇಬ್ರೂ ಒಂದೇ ಗುಟ್ಕಾ ಪ್ಯಾಕೆಟ್ ಹರ್ಕೊಂಡು ತಿಂತಿದ್ರಿ. ಅವರು ಮಗಳು ಹುಟ್ಟಿದ ವಾರ ಬಿಟ್ರು, ನೀವು ಬಿಡ್ಲಿಲ್ಲ. ಸಾಬ್ರು ಎಂಬತ್ತೆರಡು ವರ್ಷ ಬದುಕಿದ್ರು, ನಲವತ್ತು ತಾಸಿನ ಮಾತು ಬಿಟ್ಟೋದ್ರು. ಅದ್ರಾಗೆ ನೀವೂ ಬರ್ತೀರಿ. ಮೊಮ್ಮಗನಿಗೆ ಹೇಳ್ತಾರೆ:

“ಹಾಲಸ್ವಾಮಿ ಅಂತ ಒಬ್ಬ ಇದ್ದ ಕಣೋ ಮರಿ. ಹರಿಹರ, ರಾಣೆಬೆನ್ನೂರ್, ಹಾವೇರಿ ಅಂತ ಅವನು ಕೂಗಿದ್ರೆ ಹೊನ್ನಾಳಿಗೆ ಹೊಂಟೋನೂ ಹತ್ಬಿಡ್ತಿದ್ದ. ನಾಲಿಗೆ ಕುಯ್ದ ಮೇಲೂ ಸ್ಟ್ಯಾಂಡಿಗೆ ಬಂದು ಸುಮ್ಕೆ ಕೂರ್ತಿದ್ದ. ಅವನ ಊರೂ ಸೇರ್ಸಿ ನಾನೇ ಕೂಗ್ತಿದ್ದೆ.”

ನಿಮ್ ಗಂಟಲು ಹೆಂಗಿತ್ತು ಅಂತ ನಾನು ಇನ್ನೊಬ್ರ ಮನೆ ಗೋಡೆಗೆ ಕಿವಿ ಹಚ್ಚಿ ತಿಳ್ಕೋಬೇಕು. ಇದೇ ಹೊಟ್ಟೆಕಿಚ್ಚು ಅಜ್ಜ, ಸುಳ್ಳು ಹೇಳಲ್ಲ. ಅಣ್ಣನ ಮದುವೆಗೆ ಅವರ ಗೂಡನ್ನೇ ಗೋಡೆಯಿಂದ ಬಿಚ್ಚಿ ಎರವಲು ತಂದ್ವಿ. ಚಮನ್ ಸಾಬ್ರು ಚೆನ್ನಾಗೇ ಹರಸಿದ್ರು. ಹೆಣ್ಣಿನ ಚಿಕ್ಕಮ್ಮ ಮಾತ್ರ, “ನಿಮ್ ಮನ್ಯಾಗೆ ಬಾಯಿ ಇರೋರು ಯಾರೂ ಹುಟ್ಟಿಲ್ವೇನ್ರಿ” ಅಂದ್ಳು. ಮುಂದಿನ ತಿಂಗಳು ಚಂದ್ರಿ ಜೊತೆ ನನ್ ಮದುವೆ. ದಾದಾಪೀರ ನಾನು ಕೇಳೋಕೆ ಮುಂಚೇನೇ ಗೂಡು ಒರೆಸಿ ಇಟ್ಟವ್ನೆ. “ನಿಮ್ಮಜ್ಜಂದೂ ಸೇರ್ಸಿ ನಮ್ಮಜ್ಜನೇ ಮಾತಾಡ್ತಾನೆ ಬಿಡಲೇ” ಅಂತ ನಗ್ತಾನೆ. ಅವನು ಕೆಟ್ಟೋನಾಗಿದ್ರೆ ಸುಲಭ ಇತ್ತು.

ಈ ಕಾಗದ ಮುಟ್ಟೋ ದಿನ ನಿಮ್ ಬಾಯಿ ಇನ್ನೂ ನಿಮ್ದೇ. ಮಿರ್ಚಿ ಕಚ್ಚಿದ್ರೆ ಕೆನ್ನೆ ಒಳಗೆ ಬೆಂಕಿ. ಮೂರು ಬೆರಳು ಹಿಡಿಯೋ ಬಾಯಿಗೆ ಎರಡು ಹೋಗ್ತಿಲ್ಲ. ಹಲ್ಲುನೋವು ಅಂತ ಲವಂಗ ಇಟ್ಕೋತಿದ್ದೀರಿ. ಅದು ಹಲ್ಲಲ್ಲ, ಕ್ಯಾನ್ಸರು. ಸುಮ್ನಿದ್ರೆ ಎರಡು ವರ್ಷಕ್ಕೆ ನಾಲಿಗೆ ಹೋಗುತ್ತೆ, ನಲವತ್ಮೂರಕ್ಕೆ ನೀವು. ಸಿಂಚನಜ್ಜಿ ಎಂಟನೇ ಕ್ಲಾಸಿಗೇ ಬಿಟ್ಟು ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗ್ತಾಳೆ. ಮುಂದೆ ಆ ಭಟ್ಟಿ ಹುಡುಗನ್ನೇ ಕಟ್ಕೋತಾಳೆ. ಆ ಸಾಲಿನಾಗೇ ನಾನು ಬಂದಿದ್ದು.

ಹಿಂದಂಚೆ ಆಫೀಸಿನ ಮೇಡಮ್ಮು ಕಾಗದ ಓದಿದ್ರು. “ಇವರು ಉಳ್ಕೊಂಡ್ರೆ ಹುಡುಗಿ ಭಟ್ಟಿಗೆ ಹೋಗಲ್ಲ, ನೀನು ಹುಟ್ಟಲ್ಲ. ಗೊತ್ತೇನಪ್ಪ” ಅಂದ್ರು. ನಂಗೆ ಅದು ಹೊಳೆದೇ ಇರ್ಲಿಲ್ಲ. ಕಾಗದ ವಾಪಸ್ ಇಸ್ಕೊಂಡು ಮನೆಗೆ ಬಂದೆ.

ನೀವು ಉಳ್ಕೊಂಡ್ರೆ ಸಿಂಚನಜ್ಜಿ ಓದ್ತಾಳೆ, ಬೇರೆ ಯಾರನ್ನೋ ಮದುವೆ ಆಗ್ತಾಳೆ, ಆ ಸಾಲಿನಾಗೆ ಒಬ್ಬ ಹುಡುಗ ಹುಟ್ತಾನೆ. ಅವನ ಮದುವೆಗೆ ನೀವು ಗಂಟಲು ಬಿಚ್ಚಿ ಮಾತಾಡ್ತೀರಿ. ಚಂದ್ರಿ ಅವನನ್ನೇ ಒಪ್ಕೊಂಡ್ರೂ ಒಪ್ಕೊಂಡ್ಳು. ದಾದಾಪೀರನ ಮೇಲಿನ ಹೊಟ್ಟೆಕಿಚ್ಚು ಏನೇನೂ ಅಲ್ಲ ಅಜ್ಜ, ಹುಟ್ಟದೇ ಇರೋ ಆ ಹುಡುಗನ ಮೇಲಿನ ಕಿಚ್ಚಿಗೆ ಎರಡು ದಿನದಿಂದ ಊಟ ಸೇರ್ತಿಲ್ಲ ನಂಗೆ.

ಆದ್ರೂ ಇದಿಷ್ಟೂ ಸೇರ್ಸಿ ಬರ್ದು ಕಾಗದ ಹಾಕ್ತಿದ್ದೀನಿ. ಈಗ ಬಾಯಾಗಿರೋದನ್ನ ಉಗುಳ್ರಿ, ಮತ್ತೆ ಹಾಕ್ಬ್ಯಾಡ್ರಿ. ಇವತ್ತೇ ದವಾಖಾನೆಗೆ ಹೋಗಿ ಬಾಯಿ ತೆಗೆದು ತೋರಿಸ್ರಿ. ನನ್ ಚಿಂತೆ ಬಿಡ್ರಿ. ನಾಳೆ ಮಗಳಿಗೆ ಸ್ಕೂಲೈತೆ, ಬೆಳಿಗ್ಗೆ ನೀವೇ ಹೆಸರು ಹಿಡಿದು ಕೂಗಿ ಎಬ್ಬಿಸ್ರಿ.