ಟವೆಲ್ ಹೊದಿಸಿದ ಮಾನಿಟರ್

ಅಪ್ಪ,

ನೀವು ತೀರಿಕೊಂಡ ಮೇಲೆ ಇವತ್ತೇ ಮತ್ತೆ ಲ್ಯಾಬಿಗೆ ಹೋದೆ. ಬೆಳಕಿನ ಕಣಗಳನ್ನು ಒಂದೊಂದಾಗಿ ಎರಡು ಸೀಳುಗಳತ್ತ ಬಿಡುವ ಪ್ರಯೋಗವಿತ್ತು. ಯಾವ ಕಣ ಯಾವ ಸೀಳಿನಲ್ಲಿ ಹೋಯಿತೆಂದು ದಾಖಲಿಸುವ ಯಂತ್ರ ಆಫ್ ಆಗಿದ್ದರೆ ಪರದೆಯ ಮೇಲೆ ಪಟ್ಟೆಗಳು ಮೂಡುತ್ತವೆ; ಆನ್ ಆಗಿದ್ದರೆ ಮೂಡುವುದಿಲ್ಲ. ವಿದ್ಯಾರ್ಥಿನಿಯೊಬ್ಬಳು ಯಂತ್ರವನ್ನು ಆನ್ ಮಾಡಿಯೇ ಇಟ್ಟು, ಅದರ ಮಾನಿಟರಿಗೆ ಟವೆಲ್ ಹೊದಿಸಿ, ಪಟ್ಟೆಗಳಿಗಾಗಿ ಬೆಳಗಿನಿಂದ ಕಾದು ಕೂತಿದ್ದಳು.

“ಯಾರೂ ನೋಡ್ತಾನೇ ಇಲ್ವಲ್ಲ ಸರ್, ಮತ್ಯಾಕೆ ಬರ್ತಿಲ್ಲ?”

“ನೋಡೋದು ಅಂದ್ರೆ ಕಣ್ಣಲ್ಲಮ್ಮ. ಯಂತ್ರದಲ್ಲಿ ದಾಖಲಾಗಿ ಹೋಯ್ತು. ಇನ್ನು ನೀನು ಓದಿದ್ರೂ ಅಷ್ಟೆ, ಓದದೆ ಬಿಟ್ರೂ ಅಷ್ಟೆ.”

ಅವಳು ನಾಲಿಗೆ ಕಚ್ಚಿಕೊಂಡು ಟವೆಲ್ ಮಡಚಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ.

ಇಪ್ಪತ್ತು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಆದರೂ ನಿಮ್ಮ ಆಸ್ಪತ್ರೆಯ ರಿಪೋರ್ಟು ಈ ಲ್ಯಾಬಿನ ಡ್ರಾಯರಿನಲ್ಲಿ ಒಂಬತ್ತು ದಿನ ಒಡೆಯದ ಲಕೋಟೆಯಲ್ಲೇ ಇತ್ತು. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ನೀವು ಕೇಳುತ್ತಿದ್ದಿರಿ, “ರಿಪೋರ್ಟ್ ಬಂತೇನೋ?”

“ಇನ್ನೂ ಇಲ್ಲಪ್ಪ.”

“ಬರ್ಲಿ ಬಿಡು, ಅವಸರ ಏನಿದೆ,” ಅನ್ನುತ್ತಿದ್ದಿರಿ.